ಬೀಗದ ಕೈ ಮಾತ್ರ ದೊರೆಯದು

ಕೋಲಾರದ ಚಿನ್ನದ ಗಣಿ ಮುಚ್ಚಿ ಇಪ್ಪತ್ತೈದು ವರ್ಷ. ಗಣಿ ಸಾಹೇಬರಿಗಾಗಿ ಎದ್ದ ಬಂಗಲೆಗಳು ಲಂಡನ್ ಕಂಪನಿಗಳಿಂದ ಮೈಸೂರು ಸರ್ಕಾರಕ್ಕೆ, ಅಲ್ಲಿಂದ ದೆಹಲಿಗೆ, ಕೊನೆಗೆ ಬಾಗಿಲು ಹಾಕಿದ ಒಂದು ನಿಗಮಕ್ಕೆ ಕೈ ಬದಲಿಸಿದವು. ಒಡೆಯರು ಬಂದರು, ಹೋದರು. ಒಳಗೆ ಬಾಳಿದವರಿಗೆ ಮಾತ್ರ ಒಂದು ಹೆಂಚೂ ಸ್ವಂತವಾಗಲಿಲ್ಲ!

ಕೋಲಾರ ಸೀಮೆಯಲ್ಲಿ ಪಡಸಾಲೆಯ ಗೋಡೆಗೆ ಬೆಂಕಿಗೂಡು ಕಟ್ಟಿಸಿ, ಕುರ್ಚಿ ಎಳೆದುಕೊಂಡು ಚಳಿ ಕಾಯಿಸುತ್ತಿದ್ದರು ಎಂದರೆ ಮುಳಬಾಗಿಲು ಕಡೆಯ ಹಿರಿಯರು ನಂಬುವುದಿಲ್ಲ. ಇಲ್ಲಿ ಬೆಂಕಿಗೆ ಎರಡೇ ಜಾಗ. ಒಂದು ಅಡುಗೆ ಒಲೆ, ಇನ್ನೊಂದು ಬಚ್ಚಲ ಒಲೆ. ಧನುರ್ಮಾಸದ ಚಳಿಗೆ ಕಂಬಳಿ ಸಾಕು.

ಆದರೆ ಬೆಂಕಿಗೂಡು ಇದೆ. ಫೆಬ್ರವರಿಯ ಕೊನೆಯ ವಾರ, ಬೆಳಗಿನ ಒಂಬತ್ತು ಗಂಟೆ. ಗಣಿಯ ಊರು ಕೆಜಿಎಫ್‌ನ ಒಂದು ಹಳೆಯ ಬಂಗಲೆ. ಹೂ ಕಚ್ಚಿದ ಮಾವಿನ ಮರದ ಕೆಳಗೆ ನಿಂತು ತಲೆ ಎತ್ತಿದರೆ ಹೆಂಚಿನ ಮಾಡಿನ ಮೇಲೆ ಚೌಕಾಕಾರದ ಚಿಮಣಿ. ಮುಂದೆ ಉದ್ದನೆಯ ಜಗಲಿ. ಕಿಟಕಿಯ ನೆತ್ತಿಗೆ ಚೂಪು ಟೋಪಿ ಇಟ್ಟಂತೆ ಮರದ ಮಂಕಿ ಟಾಪ್. ಜಾಲಂದರದ ಪಟ್ಟಿಗಳಲ್ಲಿ ಅರ್ಧ ಮುರಿದಿವೆ, ಉಳಿದರ್ಧಕ್ಕೆ ಗೆದ್ದಲು. ಒಳಗಿನ ಗೋಡೆಯ ಬೆಂಕಿಗೂಡಿನಲ್ಲಿ ಯಾರೋ ಹಳೆಯ ಸೈಕಲ್ ಟಯರು, ಪೇಂಟಿನ ಡಬ್ಬ ತುಂಬಿಟ್ಟಿದ್ದಾರೆ.

“ಈ ಬಂಗಲೆ ಯಾರದಣ್ಣಾ?” ಎಂದು ಕಾಯುತ್ತಿದ್ದ ಹಿರಿಯರನ್ನು ಕೇಳಿದೆ.

“ಬಿಜಿಎಂಎಲ್‌ದು ಸಾರ್.”

“ಹಂಗಂದ್ರೆ ಗೌರ್ಮೆಂಟ್‌ದಾ?”

“ಮನೆ ಸೆಂಟ್ರಲ್ ಗೌರ್ಮೆಂಟ್‌ದು. ನೆಲ ನಮ್ ಸ್ಟೇಟ್‌ದು ಅಂತಾರೆ.” ಸ್ವಲ್ಪ ತಡೆದು ಅಂದರು: “ಬೀಗ ಮಾತ್ರ ನಂದೇ. ರಾಬರ್ಟ್‌ಸನ್‌ಪೇಟೆನಾಗೆ ನನ್ ದುಡ್ನಾಗೆ ತಂದಿದ್ದು.”

ಈ ಬಂಗಲೆಗಳ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಬಂಡಿ ಮಣ್ಣು, ಎರಡು ಕಾಳು ಚಿನ್ನ

ಮನೆಗಳ ಕಥೆಗಿಂತ ಮೊದಲು ನೆಲದ ಕಥೆ. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಮೈಸೂರಿನ ಗಡಿ ಅಳೆಯುವ ಕೆಲಸ ಶುರುವಾಯಿತು. ಆ ಕೆಲಸಕ್ಕೆ ಬಂದ ಲೆಫ್ಟಿನೆಂಟ್ ಜಾನ್ ವಾರನ್, 1802ರಲ್ಲಿ ಈ ಕಡೆ ಮಣ್ಣಿನಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ಕೇಳಿದ. ತೋರಿಸಿದವರಿಗೆ ಇನಾಮು ಎಂದು ಸಾರಿಸಿದ. ಹಳ್ಳಿಯವರು ಬಂಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರೇ ತೊಳೆದು, ತಳದಲ್ಲಿ ಉಳಿದ ಚಿನ್ನದ ಕಾಳು ತೋರಿಸಿದರು.

ಅಂದರೆ ‘ಬ್ರಿಟಿಷರು ಕಂಡುಹಿಡಿದ’ ಗಣಿಯನ್ನು ಬ್ರಿಟಿಷರಿಗೆ ಕಂಡುಹಿಡಿದುಕೊಟ್ಟವರು ಊರಿಗಾಂ, ಮಾರಿಕುಪ್ಪಂ ಸುತ್ತಿನ ರೈತರೇ. ಅವರು ಕೇಳಿದ್ದು ಇನಾಮು ಮಾತ್ರ. ಗುತ್ತಿಗೆ ಕೇಳಬಹುದು ಎಂದು ಅವರಿಗೆ ಹೇಳಿಕೊಡುವವರಿರಲಿಲ್ಲ.

ಗುತ್ತಿಗೆ ಕೇಳಿದವನು ಮೈಕೇಲ್ ಲವೆಲ್. ಐರಿಷ್ ಮೂಲದ ನಿವೃತ್ತ ಸಿಪಾಯಿ. ನ್ಯೂಜಿಲೆಂಡಿನಲ್ಲಿ ಮಾವೊರಿ ಜನರ ಮೇಲಿನ ಯುದ್ಧ ಮುಗಿಸಿ ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ನೆಲೆಸಿದ್ದ. ವಾರನ್‌ನ ಹಳೆಯ ವರದಿ ಓದಿ, 1871ರಲ್ಲಿ ಎತ್ತಿನ ಗಾಡಿಯಲ್ಲಿ ಅರವತ್ತು ಮೈಲಿ ದಾಟಿ ಕೋಲಾರಕ್ಕೆ ಬಂದ. 1875ರ ಫೆಬ್ರವರಿಯಲ್ಲಿ ಅವನಿಗೆ ಅಗೆಯುವ ಪರವಾನಗಿ ಸಿಕ್ಕಿತು. ಆಗ ಮೈಸೂರು ಕಮಿಷನರ್ ಆಳ್ವಿಕೆಯಲ್ಲಿತ್ತು. ರಾಜ್ಯ ಒಡೆಯರ ಕೈಗೆ ಮರಳಿದ್ದು 1881ರಲ್ಲಿ.

ಲವೆಲ್‌ಗೆ ಛಲವಿತ್ತು, ದುಡ್ಡಿರಲಿಲ್ಲ. ಎರಡೇ ವರ್ಷಕ್ಕೆ ಹಕ್ಕನ್ನು ಮೇಜರ್ ಜನರಲ್ ಬೆರೆಸ್‌ಫರ್ಡ್ ಮತ್ತು ಸ್ನೇಹಿತರ ಕೂಟಕ್ಕೆ ಬಿಟ್ಟುಕೊಟ್ಟ. ಆ ಕೂಟಕ್ಕೆ ‘ಕೋಲಾರ್ ಕನ್ಸೆಷನೇರ್ಸ್’ ಎಂದು ಹೆಸರು. ಲವೆಲ್ ಹೆಸರು ಇಂದು ಉಳಿದಿರುವುದು ಬೆಂಗಳೂರಿನ ಒಂದು ದುಬಾರಿ ರಸ್ತೆಯಲ್ಲಿ. ಅವನು ಮೊದಲು ಅಗೆದ ಊರಿಗಾಂನಲ್ಲಿ ಅವನನ್ನು ನೆನೆಯುವವರು ಕಡಿಮೆ.

ಕೂಟದ ದುಡ್ಡೂ ಸಾಲಲಿಲ್ಲ. ಆಗ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ರಂಗಕ್ಕೆ ಬಂತು. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಷೇರುದಾರರ ಬಹುಪಾಲು ಹಣ ಕಲ್ಲಿಗೆ ಸುರಿದದ್ದಾಯಿತು, ಬಂಗಾರ ಕಾಣಲಿಲ್ಲ. ಸಾಕು ಮುಚ್ಚೋಣ ಎಂದು ಲಂಡನ್ನಿನಲ್ಲಿ ಗುಸುಗುಸು ನಡೆದಿದ್ದಾಗ, 1883ರ ಹೊತ್ತಿಗೆ ಕ್ಯಾಪ್ಟನ್ ಪ್ಲಮ್ಮರ್ ನಮ್ಮ ಪೂರ್ವಿಕರು ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಜಾಡು ಹಿಡಿದು ಕೆಳಗಿಳಿದ. ಅಲ್ಲಿ ಸಿಕ್ಕಿತು ಚಾಂಪಿಯನ್ ಲೋಡ್ ಎಂಬ ಬಂಗಾರದ ಪದರ.

ಕ್ಯಾಪ್ಟನ್ ಎಂದಾಕ್ಷಣ ಕತ್ತಿ, ಕುದುರೆ ನೆನೆಯಬೇಡಿ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆ ಗಣಿಯ ಮೇಸ್ತ್ರಿಗೆ ಕ್ಯಾಪ್ಟನ್ ಎನ್ನುವುದು ವಾಡಿಕೆ. ಅಲ್ಲಿಯ ತವರ, ತಾಮ್ರದ ಗಣಿಗಳು ಬರಿದಾಗುತ್ತಿದ್ದ ಕಾಲ ಅದು. ಕೆಲಸ ಹುಡುಕಿ ಹಡಗು ಹತ್ತಿದ ಆ ಜನವೇ ಕೋಲಾರದ ಬಂಗಲೆಗಳ ಮೊದಲ ನಿವಾಸಿಗಳು. ಊರಿನಲ್ಲಿ ಕಲ್ಲಿನ ಪುಟ್ಟ ಮನೆಯಲ್ಲಿದ್ದವರು ಇಲ್ಲಿ ದೊರೆಗಳಾದರು.

▌ ಕೈ ಬದಲಾದ ಬಗೆ
1875: ಲವೆಲ್‌ಗೆ ಪರವಾನಗಿ.
1877: ಕೋಲಾರ್ ಕನ್ಸೆಷನೇರ್ಸ್ ಪಾಲು.
1880ರಿಂದ: ಜಾನ್ ಟೇಲರ್ ಅಂಡ್ ಸನ್ಸ್ ಉಸ್ತುವಾರಿಯಲ್ಲಿ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಕಂಪನಿಗಳು.
1956: ಮೈಸೂರು ಸರ್ಕಾರದ ಕೋಲಾರ್ ಗೋಲ್ಡ್ ಮೈನಿಂಗ್ ಅಂಡರ್‌ಟೇಕಿಂಗ್ಸ್.
1962: ಕೇಂದ್ರ ಸರ್ಕಾರ.
1972: ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್).
2001, ಫೆಬ್ರವರಿ 28: ಗಣಿ ಬಂದ್.

ಹುದ್ದೆಗೆ ತಕ್ಕ ಮಾಡು

ಚಿನ್ನ ಸಿಕ್ಕಿದ್ದೇ ತಡ, ಬರಡು ದಿಣ್ಣೆಯ ಮೇಲೆ ಒಂದು ಊರು ಎದ್ದಿತು. 1885ಕ್ಕೆ ಕ್ಲಬ್ಬು. 1894ಕ್ಕೆ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು. ಆಸ್ಪತ್ರೆ, ಚರ್ಚು, ಗಾಲ್ಫ್ ಮೈದಾನ. ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನಲ್ಲಿ ಪೇಟೆ.

ಬಂಗಲೆಗಳು ಎದ್ದದ್ದು ಎತ್ತರದ, ಗಾಳಿ ಬೀಸುವ ಜಾಗಗಳಲ್ಲಿ. ಅರೆಯುವ ಗಿರಣಿಗಳ ಸದ್ದಿನಿಂದ ಆದಷ್ಟೂ ದೂರಕ್ಕೆ. ದಪ್ಪ ಗೋಡೆ, ಎತ್ತರದ ಚಾವಣಿ, ಮೂರು ಕಡೆ ಜಗಲಿ. ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಬಯಲು ಸೀಮೆಯಲ್ಲಿ ಡಿಸೆಂಬರ್ ರಾತ್ರಿ ಒಂದಿಷ್ಟು ಚಳಿ ಇರುತ್ತದೆ, ನಿಜ. ಆದರೆ ಬೆಂಕಿಗೂಡು ಕಟ್ಟುವಷ್ಟು ಚಳಿಯೇ? ನನಗೇನೋ ಅದು ಮೈಯ ಚಳಿಗಿಂತ ಊರ ನೆನಪಿಗೆ ಕಟ್ಟಿಕೊಂಡದ್ದು ಎನಿಸುತ್ತದೆ.

ಮನೆಯ ಅಳತೆ ನಿರ್ಧಾರವಾಗುತ್ತಿದ್ದುದು ಮನೆಮಂದಿಯ ಲೆಕ್ಕದಲ್ಲಲ್ಲ, ಹುದ್ದೆಯ ಲೆಕ್ಕದಲ್ಲಿ. ಸೂಪರಿಂಟೆಂಡೆಂಟರಿಗೆ ಎಲ್ಲಕ್ಕಿಂತ ದೊಡ್ಡದು. ಅದರ ಕೆಳಗೆ ಎಂಜಿನಿಯರ್, ಡಾಕ್ಟರ್. ಪಾಳಿ ನೋಡುವ ಯುರೋಪಿಯನ್ನರಿಗೆ ಇನ್ನಷ್ಟು ಚಿಕ್ಕದು. ಆಂಗ್ಲೋ ಇಂಡಿಯನ್ ಕುಟುಂಬಗಳಿಗೆ ಬೇರೆ ಸಾಲು, ಗುಮಾಸ್ತರಿಗೆ ಬೇರೆ ಸಾಲು. ಬಡ್ತಿ ಸಿಕ್ಕರೆ ಸಂಸಾರವೇ ಸಾಮಾನು ಹೇರಿಕೊಂಡು ದೊಡ್ಡ ಕಾಂಪೌಂಡಿಗೆ ಹೋಗಬೇಕು. ನಿವೃತ್ತಿಯಾದರೆ ಕೀಲಿ ಒಪ್ಪಿಸಿ ಹಡಗು ಹತ್ತಬೇಕು.

ನೆಲ ಮಹಾರಾಜರದು, ಮನೆ ಕಂಪನಿಯದು, ಹಾಸಿಗೆ ಮಾತ್ರ ದೊರೆಯದು. ಮೈಸೂರು ಸಂಸ್ಥಾನ ನೆಲವನ್ನು ಗುತ್ತಿಗೆಗೆ ಕೊಟ್ಟಿತ್ತೇ ಹೊರತು ಮಾರಿರಲಿಲ್ಲ. ತೆಗೆದ ಚಿನ್ನಕ್ಕೆ ರಾಜಧನ ಎಣಿಸಿಕೊಳ್ಳುತ್ತಿತ್ತು. ಅತ್ತ ಲಂಡನ್ನಿನಲ್ಲಿ ಷೇರುದಾರರು ಡಿವಿಡೆಂಡ್ ಎಣಿಸುತ್ತಿದ್ದರು. ಮಲಗುವ ಕೋಣೆಯ ಕಿಟಕಿ ಎಲ್ಲಿರಬೇಕು ಎಂದು ನಿರ್ಧರಿಸಿದವರು ಆ ಕಿಟಕಿಯಿಂದ ಒಮ್ಮೆಯೂ ಹೊರಗೆ ನೋಡಿರಲಾರರು.

ಬಂಗಲೆಯ ಹಿಂಬದಿಗೆ ಇನ್ನೊಂದು ಲೋಕ. ಬಟ್ಲರ್, ಆಯಾ, ಮಾಲಿ, ಕುದುರೆ ನೋಡುವವನು. ಅವರ ಕೋಣೆಗಳು ಕಾಂಪೌಂಡಿನ ತುದಿಯಲ್ಲಿ. ದೊರೆ ಬದಲಾದರೂ ಬಟ್ಲರ್ ಬದಲಾಗುತ್ತಿರಲಿಲ್ಲ. ಹೊಸ ದೊರೆಸಾನಿಗೆ ಯಾವ ಬಾಗಿಲು ಮಳೆಗಾಲದಲ್ಲಿ ಬಿಗಿಯುತ್ತದೆ, ಯಾವ ಮೂಲೆಯಲ್ಲಿ ಹೆಂಚು ಸೋರುತ್ತದೆ ಎಂದು ಹೇಳಿಕೊಡುತ್ತಿದ್ದವನು ಅವನೇ. ಆ ಅರ್ಥದಲ್ಲಿ ಮನೆ ಯಾರದೆಂದು ಕೇಳಿದರೆ ನಾನು ಅವನ ಕಡೆ ಬೆರಳು ತೋರಿಸುತ್ತೇನೆ.

ಬೆಳಕು ಬಂದ ದಾರಿ

1902ರ ಜೂನ್ 30. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೆಜಿಎಫ್ ಮುಟ್ಟಿತು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸುವುದು ಆಗ ಜಗತ್ತಿಗೇ ಹೊಸತು. ಯೋಜನೆಯ ಹಿಂದೆ ಎಂಜಿನಿಯರ್ ಡಿ ಲಾಟ್ಬಿನಿಯೇರ್, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಇದ್ದರು. ದೀಪ ಹತ್ತಿದ್ದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

‘ಜಪಾನ್ ಬಿಟ್ಟರೆ ಏಷ್ಯಾದಲ್ಲಿ ಮೊದಲು ಕರೆಂಟು ಬಂದದ್ದು ಕೆಜಿಎಫ್‌ಗೇ’ ಎಂದು ಇಲ್ಲಿಯ ಟೀ ಅಂಗಡಿಗಳಲ್ಲಿ ಎದೆಯುಬ್ಬಿಸಿ ಹೇಳುತ್ತಾರೆ. ಡಾರ್ಜಿಲಿಂಗಿನಲ್ಲಿ ಐದು ವರ್ಷ ಮೊದಲೇ ಜಲವಿದ್ಯುತ್ ಇತ್ತು ಎಂದು ನಾನು ಹೇಳಹೋಗಿ ಟೀ ತಣ್ಣಗಾಗಿಸಿಕೊಳ್ಳುವುದಿಲ್ಲ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟಿನಲ್ಲಿ. ರಾಜಧಾನಿಗಿಂತ ಮೂರು ವರ್ಷ ಮೊದಲು ಗಣಿಗೆ! ಅಷ್ಟು ಹೆಮ್ಮೆ ಸಾಕು.

ನೀರೂ ಹಾಗೆಯೇ ಬಂತು. ಮುಳಬಾಗಿಲಿನಿಂದ ಕೆಜಿಎಫ್‌ಗೆ ಹೋಗುವ ಬಸ್ಸು ಬೇತಮಂಗಲದಲ್ಲಿ ನಿಲ್ಲುತ್ತದಲ್ಲ, ಅಲ್ಲಿ ಪಾಲಾರ್ ಕೆರೆಯ ನೀರು ಶೋಧಿಸಿ ಕೊಳವೆಯಲ್ಲಿ ಗಣಿಗೆ ಹರಿಸಿದರು. ಕೆರೆ ತುಂಬಿದರೆ ಗದ್ದೆ, ಬತ್ತಿದರೆ ರಾಗಿ ಎಂದು ಆಕಾಶ ನೋಡುವ ಸೀಮೆಯಲ್ಲಿ ಬಂಗಲೆಗಳ ಹುಲ್ಲುಹಾಸು ಬೇಸಿಗೆಯಲ್ಲೂ ಹಸಿರಾಗಿತ್ತು.

‘ಲಿಟಲ್ ಇಂಗ್ಲೆಂಡ್’ ಎಂದು ಕೆಜಿಎಫ್‌ಗೆ ಬಿರುದು. ಇಂದಿಗೂ ಬರೆಯುವವರು ಆ ಮಾತು ಬಿಡುವುದಿಲ್ಲ. ಹೌದು, ಕೆಲವು ನೂರು ಜನರಿಗೆ ಅದು ಇಂಗ್ಲೆಂಡೇ. ಕ್ಲಬ್ಬಿನಲ್ಲಿ ನೃತ್ಯ, ಕ್ರಿಸ್ಮಸ್‌ಗೆ ಕೇಕು, ಭಾನುವಾರ ಗಾಲ್ಫ್. ಸಾವಿರಾರು ಜನರಿಗೆ ಅದು ಏನಾಗಿತ್ತು ಎಂದು ಕೇಳಲು ಬಂಗಲೆಯ ಬೇಲಿ ದಾಟಿ ಇಳಿಜಾರಿಗೆ ಬರಬೇಕು.

ತಟ್ಟಿ ಮನೆಯ ಕಡೆಗೆ

ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬರಗಾಲ ಮತ್ತು ಜಾತಿಯ ಕಾಟಕ್ಕೆ ಬೇಸತ್ತು ಬಂದ ಜನ ಬಿದಿರ ತಟ್ಟಿಯ ಗುಡಿಸಲುಗಳಲ್ಲಿ ಇಳಿದರು. ಬಹಳ ಮಂದಿ ದಲಿತರು. ಮಣ್ಣಿನ ನೆಲ, ಬಗ್ಗಿ ಹೋಗುವ ಬಾಗಿಲು. ಆ ಸಾಲುಗಳಿಗೆ ಲೈನು ಎಂದು ಹೆಸರು. ಗಣಿ ಮುಚ್ಚಿದ ಮೇಲೂ ಕೆಜಿಎಫ್‌ನವರು ವಿಳಾಸ ಹೇಳುವಾಗ ಯಾವ ಲೈನು ಎಂದೇ ಹೇಳುತ್ತಾರೆ.

ನಮ್ಮ ಮುಳಬಾಗಿಲು, ಶ್ರೀನಿವಾಸಪುರ ಕಡೆಯ ರೈತರು ಪಾತಾಳಕ್ಕೆ ಇಳಿದದ್ದು ಕಡಿಮೆ. ಅವರಿಗೆ ಗಣಿ ಎಂದರೆ ಸಂತೆ. ತರಕಾರಿ, ಹಾಲು, ಹುಣಸೆ, ಮಾವು ಹೊತ್ತು ಹೋಗಿ ಕೈಗೆ ಕಾಸು ಮಾಡಿಕೊಳ್ಳುವ ಜಾಗ.

ಪಾಳಿ ಮುಗಿಸಿ ಮೇಲೆ ಬಂದವನನ್ನು ಮೈ ತಡಕಿ ಬಿಡುತ್ತಿದ್ದರು, ಕಲ್ಲಿನ ಚೂರು ಅಡಗಿಸಿದ್ದಾನೋ ಎಂದು. ಚಿನ್ನದ ಕಳವು ತಡೆಯಲು ಕಂಪನಿಗೆ ತನ್ನದೇ ಕಾವಲು ಪಡೆ ಇತ್ತು. 1930ರಲ್ಲಿ ಎಲ್ಲರ ಬೆರಳ ಗುರುತು ತೆಗೆದುಕೊಳ್ಳುತ್ತೇವೆ ಎಂದಾಗ ಗಣಿಗಳು ನಿಂತುಹೋದವು. ಕಳ್ಳರಿಗೆ ಮಾಡುವಂತೆ ನಮಗೂ ಮಾಡುತ್ತೀರಾ ಎಂಬ ಸಿಟ್ಟು ಆ ಮುಷ್ಕರದಲ್ಲಿತ್ತು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಸತ್ತರು. ಗಣಿಯ ಜನ ಇಂದಿಗೂ ನವೆಂಬರ್ 4ನ್ನು ಮರೆತಿಲ್ಲ.

ಭೂಮಿಯ ಕೆಳಗೆ ಎಲ್ಲರಿಗೂ ಒಂದೇ ಅಪಾಯ ಎನ್ನುವ ಮಾತಿದೆ. ಅರ್ಧ ನಿಜ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಒತ್ತಡಕ್ಕೆ ಬಂಡೆ ಸಿಡಿದರೆ ಮೇಲೆ ಬಂಗಲೆಯ ಅಲಮಾರಿಯಲ್ಲಿ ಪಿಂಗಾಣಿ ನಡುಗುತ್ತಿತ್ತು, ಲೈನಿನಲ್ಲಿ ಹೆಂಗಸರು ಶಾಫ್ಟಿನ ಬಾಯಿಗೆ ಓಡುತ್ತಿದ್ದರು.

▌ ಪಾತಾಳದಲ್ಲಿ ಸಿಕ್ಕ ಕಣ
ಚಿನ್ನ ಮಾತ್ರವಲ್ಲ, ಚಾಂಪಿಯನ್ ರೀಫ್ ವಿಜ್ಞಾನಕ್ಕೂ ಒಂದು ಮನೆ ಕೊಟ್ಟಿತು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ವಿಜ್ಞಾನಿಗಳ ಜೊತೆ ಎರಡು ಕಿಲೋಮೀಟರಿಗೂ ಆಳದಲ್ಲಿ ಉಪಕರಣ ಇಟ್ಟರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಜಾಡು 1965ರಲ್ಲಿ ಅಲ್ಲಿ ಸಿಕ್ಕಿತು. ಮೇಲಿನ ಬಂಡೆಯೇ ಉಳಿದ ಕಣಗಳನ್ನು ತಡೆಯುವ ಜರಡಿಯಾಗಿತ್ತು.

ಸಾಹೇಬ ಹೋದ, ಸಾಹೇಬ ಬಂದ

1956ರ ನವೆಂಬರ್ 1ಕ್ಕೆ ವಿಶಾಲ ಮೈಸೂರು ರಾಜ್ಯ ಹುಟ್ಟಿತು. ಅದೇ ತಿಂಗಳ ಕೊನೆಗೆ ಗಣಿಗಳು ರಾಜ್ಯದ ವಶವಾದವು. ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಎಪ್ಪತ್ತಾರು ವರ್ಷ ಆಳಿದ ಜಾನ್ ಟೇಲರ್ ಸಂಸ್ಥೆಯ ಹೆಸರಿನ ಜಾಗಕ್ಕೆ ಕೋಲಾರ್ ಗೋಲ್ಡ್ ಮೈನಿಂಗ್ ಅಂಡರ್‌ಟೇಕಿಂಗ್ಸ್ ಎಂಬ ಫಲಕ ಬಂತು.

ಬಂಗಲೆಗಳಲ್ಲಿ ಕಂಡ ಬದಲಾವಣೆ ವಿಚಿತ್ರ. ಬ್ರಿಟಿಷ್ ಕುಟುಂಬಗಳು ಒಂದೊಂದಾಗಿ ಹೊರಟವು. ಆಂಗ್ಲೋ ಇಂಡಿಯನ್ನರಲ್ಲಿ ಅನೇಕರು ಇಂಗ್ಲೆಂಡು, ಆಸ್ಟ್ರೇಲಿಯಾಗಳ ಕಡೆ ಹೋದರು. ಒಳಗೆ ಬಂದವರು ಮೈಸೂರು, ಮದ್ರಾಸು, ಆಂಧ್ರ, ಬಂಗಾಳದ ಎಂಜಿನಿಯರುಗಳು. ಬೆಂಕಿಗೂಡಿನ ಮೇಲೆ ದೇವರ ಪಟ ಬಂತು. ಊಟದ ಕೋಣೆಯ ಪಕ್ಕ ಒರಳು ಕಲ್ಲು ಬಂತು. ಗುಲಾಬಿಯ ಮಡಿಯಲ್ಲಿ ಕರಿಬೇವು, ಬಾಳೆ ಎದ್ದವು.

ಆದರೆ ಹುದ್ದೆಗೆ ತಕ್ಕ ಮನೆ ಎಂಬ ನಿಯಮ ಒಂದಿಷ್ಟೂ ಅಲುಗಲಿಲ್ಲ. ಬಡ್ತಿಗೆ ದೊಡ್ಡ ಕಾಂಪೌಂಡು, ನಿವೃತ್ತಿಗೆ ಕೀಲಿ ವಾಪಸು. ಬಟ್ಲರನ ಮಗ ಬಟ್ಲರ್. ದೊರೆಯ ಬಣ್ಣ ಬದಲಾಯಿತು, ದೊರೆತನ ಹಾಗೆಯೇ ಉಳಿಯಿತು. ರಾಷ್ಟ್ರೀಕರಣವೆಂದರೆ ಗಣಿ ಜನರದಾಗುವುದು ಎಂದುಕೊಂಡ ಲೈನಿನವರು ಇದನ್ನು ಬೇಗ ಗಮನಿಸಿದರು.

1962ರ ಕೊನೆಗೆ ಗಣಿ ಕೇಂದ್ರದ ಹಣಕಾಸು ಸಚಿವಾಲಯದ ಕೈಗೆ ಹೋಯಿತು. ಚೀನಾ ಯುದ್ಧ ಆಗಷ್ಟೇ ಮುಗಿದಿತ್ತು. ಮರು ತಿಂಗಳೇ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ದೇಶದ ಅಕ್ಕಸಾಲಿಗರನ್ನು ಕಂಗೆಡಿಸಿದ ಚಿನ್ನ ನಿಯಂತ್ರಣ ತಂದರು. ಇತ್ತ ಕೋಲಾರದ ಚಿನ್ನ ಸರ್ಕಾರಕ್ಕೆ ಹೋಗುತ್ತಿದ್ದದ್ದು ಅಂತರರಾಷ್ಟ್ರೀಯ ನಿಗದಿ ದರದಲ್ಲಿ. ಪೇಟೆಯಲ್ಲಿ ಅದಕ್ಕೆ ದುಪ್ಪಟ್ಟು ಬೆಲೆ. ಆಮೇಲೆ ಗಣಿ ನಷ್ಟದಲ್ಲಿದೆ ಎಂದು ಲೆಕ್ಕ ಬರೆದರು! ಅದಿರಿನ ಸತ್ವ ಇಳಿದದ್ದೂ, ಆಳ ಹೆಚ್ಚಿ ಖರ್ಚು ಏರಿದ್ದೂ ನಿಜವೇ. ಆದರೆ ನಷ್ಟದ ಪುಸ್ತಕ ಓದುವಾಗ ಈ ಒಂದು ಪುಟವನ್ನೂ ಓದಬೇಕು.

1972ರಲ್ಲಿ ಬಿಜಿಎಂಎಲ್ ಎಂಬ ನಿಗಮವಾಯಿತು. ಆ ಹೊತ್ತಿಗಾಗಲೇ ಪಕ್ಕದಲ್ಲಿ ಬೆಮೆಲ್ ಕಾರ್ಖಾನೆ ಬಂದು ಹೊಸ ಬಡಾವಣೆ ಎದ್ದಿತ್ತು. ಬುದ್ಧಿವಂತರು ಮಕ್ಕಳನ್ನು ಗಣಿಗಿಂತ ಬೆಮೆಲ್ ಕಡೆ ದೂಡಿದರು. 1988ರಲ್ಲಿ ಚಾಂಪಿಯನ್ ರೀಫ್‌ನಲ್ಲೇ ಬಂಡೆಗಳ ಒತ್ತಡ ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆ ಶುರುವಾಯಿತು. ಗಣಿ ಸಾಯುವ ಕಾಲಕ್ಕೆ ಅದರ ಅನುಭವಕ್ಕೆ ಒಂದು ಶಾಲೆ ಆಯಿತು ಎನ್ನಬಹುದು.

▌ ಒಡೆಯ ಬದಲಾಗದ ಮನೆ
ಕೆಜಿಎಫ್‌ನಿಂದ ಉತ್ತರಕ್ಕೆ, ಮುಳಬಾಗಿಲು ದಾಟಿ ಹತ್ತು ಕಿಲೋಮೀಟರ್ ಹೋದರೆ ಕುರುಡುಮಲೆ. ಹದಿಮೂರೂವರೆ ಅಡಿ ಎತ್ತರದ ಏಕಶಿಲಾ ಗಣಪನ ಗುಡಿ ವಿಜಯನಗರ ಕಾಲದ ಕೆಲಸ. ಊರಿನ ಸೋಮೇಶ್ವರ ಗುಡಿ ಅದಕ್ಕಿಂತ ಹಳೆಯದು, ಚೋಳರ ಕಾಲದ್ದು. ಚೋಳರು, ಹೊಯ್ಸಳರು, ವಿಜಯನಗರದವರು, ಪಾಳೆಯಗಾರರು, ಹೈದರಾಲಿ, ಒಡೆಯರು ಎಂದು ಈ ಸೀಮೆಯ ಕಂದಾಯ ಯಾರ ಯಾರ ಕೈಗೋ ಹೋಯಿತು. ಗಣಪ ಮಾತ್ರ ತನ್ನ ಮನೆಯಲ್ಲೇ ಕೂತ. ಹೊಸ ಮನೆ, ಹೊಸ ವ್ಯಾಪಾರಕ್ಕೆ ಮುಂಚೆ ಈ ಕಡೆಯವರು ಮೊದಲು ಬರುವುದು ಇಲ್ಲಿಗೆ.

ಫೆಬ್ರವರಿ 28ರ ನಂತರ

2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಜಾಗ. ಒಂದು ಕಾಲಕ್ಕೆ ಮೂವತ್ತು ಸಾವಿರ ದಾಟಿದ್ದ ಕೆಲಸಗಾರರಲ್ಲಿ ಕೊನೆಗೆ ಉಳಿದಿದ್ದವರು ಮೂರು ಸಾವಿರ ಚಿಲ್ಲರೆ. ಪಂಪುಗಳು ನಿಂತವು. ಶಾಫ್ಟುಗಳಲ್ಲಿ ನೀರು ಏರಿತು.

ಬಂಗಲೆಗಳಿಗೆ ಆಗ ವಿಚಿತ್ರ ಗತಿ ಬಂತು. ಕೆಲಸವೇ ಇಲ್ಲದ ಮೇಲೆ ಹುದ್ದೆ ಇಲ್ಲ. ಹುದ್ದೆ ಇಲ್ಲದ ಮೇಲೆ ಮನೆ ಯಾರಿಗೆ? ಕೆಲವಕ್ಕೆ ಕಚೇರಿ ಬಂತು. ಕೆಲವಲ್ಲಿ ಹಳೆಯ ಅಧಿಕಾರಿಗಳು, ನೌಕರರು ಉಳಿದುಕೊಂಡರು. ಖಾಲಿ ಬಿದ್ದವುಗಳ ಕಿಟಕಿ ಮೊದಲು ಹೋಯಿತು, ಆಮೇಲೆ ಬಾಗಿಲು, ಆಮೇಲೆ ಹೆಂಚು, ಕೊನೆಗೆ ತೇಗದ ತೊಲೆ. ಮರ ಕದ್ದವನನ್ನು ಬೈಯುವುದು ಸುಲಭ. ಮನೆಯಲ್ಲಿ ದುಡಿಯುವ ಮಗ ಬೆಳಗಿನ ಜಾವದ ರೈಲು ಹತ್ತಿ ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ, ರಾತ್ರಿ ಬಂದು ಮಲಗುವ ಊರಿನಲ್ಲಿ ಕಾವಲು ಕಾಯುವವರು ಯಾರು?

ಮಾರಿಕುಪ್ಪಂನಿಂದ ಹೊರಡುವ ಆ ರೈಲುಗಳೇ ಇಂದಿನ ಶಾಫ್ಟುಗಳು. ಗಣಿಯ ಮೊಮ್ಮಕ್ಕಳು ಅವುಗಳಲ್ಲಿ ಇಳಿಯುವುದು ಬೆಂಗಳೂರಿನ ಸೆಕ್ಯುರಿಟಿ ಕೆಲಸಕ್ಕೆ, ಮಾಲ್‌ಗಳಿಗೆ, ಸಾಫ್ಟ್‌ವೇರ್ ಕಚೇರಿಗಳಿಗೆ.

2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ಹೊರಗಿನವರ ಕುತೂಹಲ ಕುದುರಿತು. ಸೈನೈಡ್ ದಿಬ್ಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ವಾರಾಂತ್ಯಕ್ಕೆ ಬರುತ್ತಾರೆ. ಅದಿರು ಅರೆದು ಚಿನ್ನ ಸೆಳೆದ ಮೇಲೆ ಉಳಿದ ಬೂದು ಪುಡಿಯ ಗುಡ್ಡಗಳು ಅವು. ಗಾಳಿ ಎದ್ದರೆ ಊರಿನ ಕಣ್ಣು ಮೂಗಿಗೆಲ್ಲ ಅದೇ ಧೂಳು. ಬಂಗಲೆಗಳ ಕಡೆ ಬರುವವರು ಕಡಿಮೆ. ಸಿನಿಮಾದಲ್ಲಿ ಅವಕ್ಕೆ ಪಾತ್ರವಿರಲಿಲ್ಲ.

ಲೆಕ್ಕಕ್ಕೆ ಬಂದದ್ದು, ಬಾರದ್ದು

ಹಾಗಾದರೆ ಈ ಮನೆಗಳು ಇಂದು ಯಾರವು? ಆ ಹಿರಿಯರು ಕೊಟ್ಟ ಉತ್ತರವೇ ಸರಿಯಾದದ್ದು. ಬಿಜಿಎಂಎಲ್ ಕೇಂದ್ರ ಗಣಿ ಸಚಿವಾಲಯದ ಕಂಪನಿ. ಗಣಿ ಮುಚ್ಚಿದರೂ ಕಂಪನಿಯ ಹೆಸರು ಅಳಿದಿಲ್ಲ. ಅದರ ವಶದಲ್ಲಿ 12 ಸಾವಿರ ಎಕರೆಯಷ್ಟು ಪ್ರದೇಶವಿದೆ. ಗುತ್ತಿಗೆಯ ನೆಲ ಮೂಲದಲ್ಲಿ ರಾಜ್ಯದ್ದು. ಅದರಲ್ಲಿ ಗಣಿಗೆ ಬೇಡದ ಮೂರು ಸಾವಿರ ಎಕರೆ ಚಿಲ್ಲರೆಯನ್ನು ಕೈಗಾರಿಕೆಗೆ ಬಿಡಿಸಿಕೊಳ್ಳಬೇಕೆಂದು ರಾಜ್ಯ ಹಟ ಹಿಡಿದಿದೆ. ಗಣಿಯನ್ನು ಟೆಂಡರ್ ಕರೆದು ಮಾರುವ ಮಾತು ಸುಪ್ರೀಂ ಕೋರ್ಟ್‌ವರೆಗೆ ಹೋಗಿಬಂದಿದೆ. ಕಾರ್ಮಿಕರು ತಾವಿರುವ ಲೈನ್ ಮನೆಗಳಿಗೆ ಹಕ್ಕುಪತ್ರ ಕೇಳುತ್ತಲೇ ಇದ್ದಾರೆ. ಬಾಕಿ ಹಣ, ಮನೆಯ ಹಕ್ಕು ಎಂದು ಕಾಲು ಶತಮಾನದಿಂದ ಅರ್ಜಿ ಬರೆದು ಬರೆದು ಕೆಲವರು ತೀರಿಯೂ ಹೋದರು.

2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಂದು ತೀರ್ಮಾನಕ್ಕೆ ಬಂತು. ಸೈನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ ಒಪ್ಪಿಗೆ. ಹದಿಮೂರು ದಿಬ್ಬ, 1,003 ಎಕರೆ, 3.3 ಕೋಟಿ ಟನ್ ಪುಡಿ, ಅದರಲ್ಲಿ 23 ಟನ್ ಚಿನ್ನ ಇರಬಹುದೆಂಬ ಅಂದಾಜು. ಧೂಳಿಗೂ ಕೊನೆಗೆ ಒಂದು ಬೆಲೆ ಸಿಕ್ಕಿತು.

ನನ್ನ ತಕರಾರು ಇಷ್ಟೇ. ಧೂಳನ್ನು ಟನ್ನಿನ ಲೆಕ್ಕದಲ್ಲಿ ಅಳೆದವರಿಗೆ ಬಂಗಲೆಗಳನ್ನು ಎಣಿಸುವುದು ಕಷ್ಟವಲ್ಲ. ಯಾವುದು ಯಾವ ಹುದ್ದೆಗೆ ಕಟ್ಟಿದ್ದು, ಯಾವ ಮಾಡು ಇನ್ನೂ ನಿಂತಿದೆ, ಯಾವುದರಲ್ಲಿ ಯಾರ ಸಂಸಾರವಿದೆ ಎಂದು ಒಂದು ಪಟ್ಟಿ ಮಾಡಲಿ. ಒಡೆತನದ ವ್ಯಾಜ್ಯ ತೀರುವವರೆಗೆ ಕಾಯುವ ಕೆಲಸ ಇದಲ್ಲ. ಬಂಗಲೆಗಳ ಜೊತೆಗೆ ಕನಿಷ್ಠ ಒಂದು ಲೈನನ್ನೂ ಆ ಪಟ್ಟಿಗೆ ಸೇರಿಸಬೇಕು. ಜಗಲಿ, ಚಿಮಣಿ, ಮಂಕಿ ಟಾಪ್ ಮಾತ್ರ ಉಳಿಸಿ ಲೈನಿನ ಹತ್ತಡಿ ಚೌಕದ ಕೋಣೆಯನ್ನು ಬುಲ್ಡೋಜರಿಗೆ ಬಿಟ್ಟರೆ ನಾಳೆಯ ಹುಡುಗರಿಗೆ ತಿಳಿಯುವುದು ಪಾರ್ಟಿ ಮಾಡಿದವರ ಚರಿತ್ರೆ ಮಾತ್ರ.

ಪಟ್ಟಿ ಮಾಡುವವರು ಎಲ್ಲಿಂದ ಶುರುಮಾಡಬೇಕೆಂದು ಕೇಳಿದರೆ, ಹಳೆಯ ಬಟ್ಲರುಗಳ, ಮಾಲಿಗಳ ಮನೆಗಳಿಂದ. ಅವರಲ್ಲಿ ಉಳಿದಿರುವವರಿಗೆ ಈಗ ಎಪ್ಪತ್ತು ಎಂಬತ್ತು ವರ್ಷ.